ಅಳತೆಗೆ ಒಂದು ಕೈ

ಏಪ್ರಿಲ್ ೪

ಎಸ್ಕಿಲ್ ಇವತ್ತು ತನ್ನ ಕಯಾಕ್ ದೋಣಿಯ ಹುಟ್ಟನ್ನು ಶೆಡ್ಡಿನಿಂದ ತರಿಸಿಕೊಂಡ. ಊಟದ ಮೇಜಿನ ಮೇಲೆ ಉದ್ದಕ್ಕೆ ಮಲಗಿಸಿ, ನೂಕ್‌ನ ಆಸ್ಪತ್ರೆಯಲ್ಲಿ ಡಾಕ್ಟರುಗಳು ತನ್ನನ್ನು ನೋಡುತ್ತಿದ್ದ ಹಾಗೆ ಅದನ್ನು ನೋಡುತ್ತ ಕೂತ.

ಅದು ತಿರುವು ಹುಟ್ಟು. ಒಂದು ತುದಿಯ ಅಲಗು ನೆಟ್ಟಗೆ ನಿಂತಿದ್ದರೆ ಇನ್ನೊಂದು ತುದಿಯದು ಮಲಗಿರುತ್ತದೆ. ಒಂದು ಅಲಗು ನೀರನ್ನು ಎಳೆಯುವಾಗ ಮೇಲಿನದು ಎದುರುಗಾಳಿಯನ್ನು ಚಾಕುವಿನ ಹಾಗೆ ಸೀಳಿಕೊಂಡು ಹೋಗಲಿ ಎಂದು. ಅದಕ್ಕೆ ಬಲಗೈ ಬಿಗಿಯಾಗಿ ಹಿಡಿದು, ಪ್ರತಿ ಎಡ ಎಳೆತಕ್ಕೂ ಮಣಿಕಟ್ಟನ್ನು ಹಿಂದಕ್ಕೆ ಮಡಿಸಿ ಅಲಗನ್ನು ತಿರುವಿಕೊಡಬೇಕು. ಎಡಗೈ ಸಡಿಲವಾಗಿ ಸುಮ್ಮನೆ ಇರಬೇಕು. ಆಳುವ ಕೈ ಒಂದೇ, ಅದು ಬಲಗೈ, ಎಂದು ಅವನು ಡೆನ್ಮಾರ್ಕಿನಿಂದ ನಮ್ಮ ಈ ಮಂಜಿನ ನಾಡಿಗೆ ಬಂದ ದಿನದಿಂದ ಈ ಊರಿಗೆಲ್ಲ ಪಾಠ ಹೇಳಿದ್ದಾನೆ. ಆ ಕೈ ಈಗ ಯಾರೋ ಮರೆತು ಬಿಟ್ಟುಹೋದ ಕೈಗವಸಿನ ಹಾಗೆ ತೊಡೆಯ ಮೇಲೆ ಬಿದ್ದಿದೆ.

"ಕಯಾಕ್ ಹತ್ತಿದ ದಿನ ನಾನು ಮತ್ತೆ ಮನುಷ್ಯ ಆಗ್ತೀನಿ," ಅಂದ. ಮಾತು ವಾಪಸು ಬಂದಿದೆ, ನಿಧಾನ ಅಷ್ಟೇ.

ಇದನ್ನು ಬರೆದಿಡುತ್ತೇನೆ, ಏಕೆಂದರೆ ಈ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಜನವರಿಯಲ್ಲಿ, ಬೆಳಗಿನ ಗಂಜಿ ಕಲಕುತ್ತ ಅವನು ಹೇಳಿದ್ದ: "ಬೇಸಿಗೆ ಮುಗಿಯೋದ್ರೊಳಗೆ ನಾನು ಹೊರಡ್ತೀನಿ, ಯೂದಿತ." ಇಲುಲಿಸ್ಸಾತ್‌ಗೆ, ಅಲ್ಲಿರುವ ಟೋವೆಯ ಮನೆಗೆ. ನಾನು "ಗಂಜಿಗೆ ಬೆಣ್ಣೆ ಹಾಕಲಾ?" ಎಂದು ಕೇಳಿದ್ದೆ. ಫೆಬ್ರವರಿಯಲ್ಲಿ ಮಿದುಳಿನಲ್ಲಿ ರಕ್ತ ಕಟ್ಟಿ ಅವನ ಬಲಮೈ ಬಿತ್ತು. ಟೋವೆ ಒಂದು ಸಲ ಆಸ್ಪತ್ರೆಗೆ ಟುಲಿಪ್ ಹೂಗಳನ್ನು ಹಿಡಿದು ಬಂದಳು. ನರ್ಸು ಅವನ ಗಲ್ಲ ಒರೆಸುತ್ತಿದ್ದುದನ್ನು ಬಾಗಿಲಲ್ಲೇ ನಿಂತು ನೋಡಿದಳು. ಹೂವನ್ನು ನನ್ನ ಕೈಗೆ ಕೊಟ್ಟು ಹೋದಳು.

ಈಗ ದಿನಾ ಬೆಳಿಗ್ಗೆ ಅವನ ಅಂಗಿಯ ಗುಂಡಿ ನಾನು ಹಾಕುತ್ತೇನೆ. ಕುತ್ತಿಗೆಯ ಗುಂಡಿಗೆ ತುದಿಗಾಲಲ್ಲಿ ನಿಲ್ಲಬೇಕು. ಗುಂಡಿ ಹಾಕಿಸಿಕೊಳ್ಳುವ ಗಂಡಸು ಯಾರನ್ನೂ ಬಿಟ್ಟುಹೋಗಲಾರ. ಅವನನ್ನು ಬಿಟ್ಟುಹೋಗುವಷ್ಟು ಗಟ್ಟಿ ಮಾಡಬೇಕು. ಆಮೇಲೆ ಹೋಗಲಿ. ಕಯಾಕ್ ಹತ್ತಿದರೆ ಮನುಷ್ಯನಾಗುತ್ತಾನಂತೆ. ಸರಿ, ಹತ್ತಿಸೋಣ.

ಏಪ್ರಿಲ್ ೧೧

ವ್ಯಾಯಾಮ ಮಾಡಿಸುವ ಹುಡುಗಿ ಮೇಜಿನ ಮೇಲಿನ ಹುಟ್ಟನ್ನು ಕಂಡು, "ಇದು ಬೇಡ ಎಸ್ಕಿಲ್. ಬಲಗೈ ಹಿಡಿಯತ್ತೆ, ಆದ್ರೆ ತಿರುಗಿಸಲ್ಲ. ನೇರ ಹುಟ್ಟು ತಗೊಳ್ಳಿ, ಎರಡೂ ಅಲಗು ಒಂದೇ ಕಡೆ ಮುಖ ಮಾಡಿರೋದು. ನಮ್ಮ ಅಜ್ಜಂದಿರದು," ಅಂದಳು.

ಅವನು ಮೂಗು ಸುಕ್ಕಿಸಿದ.

ಹುಬ್ಬೇರಿಸಿ ಹೌದು ಅನ್ನುವುದು, ಮೂಗು ಸುಕ್ಕಿಸಿ ಇಲ್ಲ ಅನ್ನುವುದು, ಎರಡನ್ನೂ ಅವನು ನಮ್ಮಿಂದ ಕಲಿತ. ಈಗ ಹೌದು ಪೂರ್ತಿ ಬರುತ್ತದೆ. ಇಲ್ಲ ಮಾತ್ರ ಮುಖದ ಎಡ ಅರ್ಧದಲ್ಲೇ ನಿಂತುಬಿಡುತ್ತದೆ. ಹುಡುಗಿಗೆ ಅದು ನಗು ಅನಿಸಿತು. ಅವಳೂ ನಕ್ಕು ಹೋದಳು.

ಅವಳು ಹೋದ ಮೇಲೆ ಶುರುವಾಯಿತು. "ನಿಮ್ಮಪ್ಪನ ಕಡ್ಡಿ ಹಿಡ್ಕೊಂಡು ನಾನು ಬಂದರಿನಲ್ಲಿ ಕೂತ್ಕೋಬೇಕಾ?"

"ಕಡ್ಡಿ ಬೇಡ. ನಿನ್ನದಕ್ಕೇ ನಡುವೆ ಕೀಲಿದೆಯಲ್ಲ. ಗುಂಡಿ ಒತ್ತಿ ತಿರುಗಿಸಿದ್ರೆ ನೇರ ಆಗತ್ತೆ."

"ನಂಗೊತ್ತು. ನಾನೇ ತರಿಸಿದ್ದು."

"ಹಾಗಾದ್ರೆ ಒತ್ತು."

ಒತ್ತಲು ಒಂದು ಕೈ ಬೇಕು, ತಿರುಗಿಸಲು ಇನ್ನೊಂದು. ಹೇಳಿದ ಮೇಲೆ ನೆನಪಾಯಿತು. ಮೊದಲೇ ನೆನಪಿತ್ತೋ ಏನೋ.

ಕೊನೆಗೆ ಅವನದೇ ತೀರ್ಮಾನ: ತಿರುವು ಹಾಗೇ ಇರಲಿ, ಆಳುವ ಕೈ ಎಡಗೈ ಆಗಲಿ. ಕೀಲನ್ನು ಆ ಕಡೆಗೆ ನಾನು ತಿರುಗಿಸಿಕೊಟ್ಟೆ.

ಏಪ್ರಿಲ್ ೨೦

ಎಡಗೈಯಿಂದ ಆಳಲು ಸಾಧ್ಯವೇ ಎಂದು ಯಾರಾದರೂ ಮೊದಲು ನೀರಿನಲ್ಲಿ ನೋಡಬೇಕಂತೆ. ಯಾರಾದರೂ ಎಂದರೆ ನಾನು. ಇಬ್ಬರು ಕೂರುವ ಕಯಾಕಿನಲ್ಲಿ ಅವನ ಮುಂದೆ ಕೂತು ನಾನು ವರ್ಷಗಟ್ಟಲೆ ಹುಟ್ಟು ಹಾಕಿದವಳು. ಅವನ ಲಯ, ಅವನ ತಿರುವು, ಹಿಂದಿನಿಂದ ಅವನ ದನಿ. ಆಮೇಲೆ ಬಿಟ್ಟೆ. ಪರೀಕ್ಷೆ ಉತ್ತರಪತ್ರಿಕೆಗಳಿದ್ದವು, ಓದಬೇಕಾದ ಕವಿತೆಗಳಿದ್ದವು. ನನ್ನ ಜಾಗದಲ್ಲಿ ಯಾರು ಕೂತರೆಂದು ಕೇಳಲಿಲ್ಲ.

ಬಂದರಿನ ಕಟ್ಟೆಯ ಮೇಲೆ ಮಡಚುವ ಕುರ್ಚಿ ಹಾಕಿ ಕಂಬಳಿ ಹೊದಿಸಿ ಅವನನ್ನು ಕೂರಿಸಿದೆ. ನೀರು ಒಳಗೆ ಬಾರದ ಉಡುಪಿನೊಳಗೆ ತೂರಿಕೊಂಡು ಇಳಿದೆ. ಅಂಚಿನಲ್ಲಿ ಇನ್ನೂ ಮಂಜುಗಡ್ಡೆಯ ಪುಡಿ ತೇಲುತ್ತಿತ್ತು.

"ಎಡ ಮಣಿಕಟ್ಟು! ಎಡ! ಬಲಗೈ ಸಡಿಲ ಬಿಡು!"

"ಬಿಟ್ಟಿದೀನಿ!"

"ಬಿಟ್ಟಿಲ್ಲ! ನಿನ್ನ ಭುಜ ನೋಡಿದ್ರೆ ಗೊತ್ತಾಗತ್ತೆ! ಯಾವತ್ತೂ ಹೇಳಿದ್ದು ಕೇಳಲ್ಲ ನೀನು!"

ಎದೆಯೊಳಗೆ ಒಂದು ಹಳೆಯ ಸಣ್ಣ ಕೋಪ ಎದ್ದಿತು, ಹಳೆಯ ಕೋಟಿನ ಜೇಬಿನಲ್ಲಿ ಕೈಗೆ ಸಿಗುವ ನಾಣ್ಯದ ಹಾಗೆ. ಎರಡು ಸಲ ಮಗುಚುವುದರಲ್ಲಿದ್ದೆ. ಬಲಗೈ ಎಷ್ಟು ಬೇಡವೆಂದರೂ ತಾನೇ ತಿರುಗುತ್ತದೆ. ಎರಡು ಕೈಯೂ ಒಟ್ಟಿಗೆ ಆಳಲು ಹೊರಟರೆ ಅಲಗು ಯಾರ ಮಾತೂ ಕೇಳುವುದಿಲ್ಲ.

ಮೇಲೆ ಬಂದಾಗ ಅವನು ಹೇಳಿದ್ದು ಒಂದೇ ಮಾತು: "ಆಗಲ್ಲ. ಇದು ಆಗಲ್ಲ." ನನಗೆ ಹೇಳಿದ್ದಲ್ಲ.

ಏಪ್ರಿಲ್ ೨೧

ಮೈಯೆಲ್ಲ ನೋವು. ಗಂಜಿ ಸೀದಿತು. ಅವನು ಅದನ್ನೇ ತಿಂದ.

ಮೇ ೩

ಇವತ್ತು ಕೀಲನ್ನು ಸೊನ್ನೆಗೆ ಇಟ್ಟೆವು. ನೇರ. ಅವನು ಒಪ್ಪಿದ ಅಂತಲ್ಲ, ಸೋತ.

ಅಕ್ಕ ಬೊಡಿಲ್ ರಬ್ಬರ್ ಉಡುಪು ಹಾಕಿ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಳು. ದೋಣಿ ಕಟ್ಟುವ ಅಂಗಳದಲ್ಲಿ ಬಡಗಿ ಕೆಲಸ ಮಾಡುವವಳು, ನೀರಿಗೂ ಹೆದರುವುದಿಲ್ಲ, ಮಾತಿಗೂ ಹೆದರುವುದಿಲ್ಲ. "ಇದರಲ್ಲಿ ಏನೂ ಮಾಡಬೇಕಾಗಿಲ್ಲ ಕಣೇ. ಮಣಿಕಟ್ಟನ್ನ ಸುಮ್ನೆ ಬಿಡು. ಅಷ್ಟೇ."

ಬಲಗಡೆ ಎಳೆದೆ, ಸರಿಯಾಯಿತು. ಎಡಗಡೆಗೆ ಬಂದಾಗ ನಾನು ಕೇಳದೆಯೇ ಬಲ ಮಣಿಕಟ್ಟು ಹಿಂದಕ್ಕೆ ಮಡಿಯಿತು. ತಿರುಗಿಸಲು ಏನೂ ಇಲ್ಲದ ಕಡೆ ತಿರುಗಿಸಿತು. ಅಲಗು ನೀರನ್ನು ಹಿಡಿಯದೆ ಚಾಕುವಿನಂತೆ ಒಳಗೆ ಜಾರಿತು. ನಾನೂ ಅದರ ಹಿಂದೆ ಜಾರಿದೆ.

ನೀರೊಳಗೆ ಹಸಿರು ಬೆಳಕು. ಕಿವಿಯಲ್ಲಿ ಗುಂಡುಸೂಜಿ. ಬೊಡಿಲಕ್ಕ ಕೊರಳಪಟ್ಟಿ ಹಿಡಿದು ಎತ್ತಿದಳು. "ಇಲ್ಲದ ತಿರುವಿಗೆ ಕೈ ತಿರುಗಿಸ್ತಾಳೆ ನೋಡು ಇವಳು!"

ಕಟ್ಟೆಯ ಮೇಲೆ ಎಸ್ಕಿಲ್ ನಗುತ್ತಿದ್ದ. ಫೆಬ್ರವರಿಯಿಂದ ಮೊದಲನೆಯ ನಗು. ಅರ್ಧ ಮುಖದ್ದಾದರೂ ಪೂರ್ತಿ ನಗು.

"ನಗು, ನಗು," ಎಂದು ಬೊಡಿಲಕ್ಕ ನೀರಿನಿಂದಲೇ ಕೂಗಿದಳು. "ಕಲಿಸಿದ ಮೇಷ್ಟ್ರು ನೀನೇ ಅಲ್ವಾ!"

ಮಣಿಕಟ್ಟಿನ ಬಗ್ಗೆ ನನ್ನ ತರಗತಿಯಲ್ಲಿ ಯಾರಾದರೂ ಕವಿತೆ ಬರೆದು ತಂದಿದ್ದರೆ, ಆ ಮಣಿಕಟ್ಟೇ ಒಬ್ಬ ಹೆಂಗಸಿನ ಮದುವೆ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದರೆ, ಕೆಂಪು ಶಾಯಿಯಲ್ಲಿ "ತೀರಾ ಸುಲಭವಾಯಿತು" ಎಂದು ಬರೆಯುತ್ತಿದ್ದೆ. ಮಣಿಕಟ್ಟು ಮಣಿಕಟ್ಟೇ. ಊದಿಕೊಂಡಿದೆ.

ಮೇ ೭

ಮತ್ತೆ ಇಳಿದೆ. ಮತ್ತೆ ಮಗುಚಿದೆ.

ಮೇ ೯

ಮಗುಚಲಿಲ್ಲ. ಅವನು ಬಂದಿರಲಿಲ್ಲ, ಚಳಿ ಅಂದ. ಅವನಿಗೆ ಬೇಕಾದದ್ದನ್ನು ಅವನಿಲ್ಲದೆಯೂ ಪರೀಕ್ಷಿಸಬಹುದಲ್ಲ.

ಮೇ ೧೪

ಕೀಲಿನ ಹುಟ್ಟಿನ ಅಗಲ ಅಲಗು ನೇರ ಇಟ್ಟಾಗ ಎದುರುಗಾಳಿಗೆ ತಡೆಯಾಗುತ್ತದೆ. ಎಸ್ಕಿಲ್ ಇಷ್ಟು ವರ್ಷ ಹೇಳಿದ್ದು ಸುಳ್ಳಲ್ಲ. ಆದರೆ ನಮ್ಮ ಹಳೆಯ ಹುಟ್ಟಿನ ಅಲಗು ಒಂದು ಹಿಡಿಯಷ್ಟೇ ಅಗಲ, ಗಾಳಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅವನಿಗೆ ಅಂಥದೊಂದು ಮಾಡಿಕೊಡು ಎಂದು ಬೊಡಿಲಕ್ಕನ ಕೆಲಸದ ಮನೆಗೆ ಹೋದೆ. ಗರಗಸದ ಪುಡಿ, ಕಾಫಿ, ಒಣಮೀನಿನ ವಾಸನೆ. ತೇಲಿ ಬಂದ ಮರದ ಒಂದು ತುಂಡನ್ನು ಅವಳು ವರ್ಷಗಳಿಂದ ಮಾಡಿಗೆ ಸಿಕ್ಕಿಸಿಟ್ಟಿದ್ದಳು. ಅದನ್ನೇ ಇಳಿಸಿದಳು.

"ಎಲ್ಲಿ ಅವನು? ಹುಟ್ಟಿನ ಅಳತೆ ಅಂಗಡಿಯಲ್ಲಿ ಸಿಗಲ್ಲ, ಮೈಯಲ್ಲಿರತ್ತೆ."

"ಮೆಟ್ಟಿಲು ಇಳಿಸಿ ಕರ್ಕೊಂಡು ಬರೋದು ಯಾರಿಗೆ ಬೇಕು. ನನ್ನದೇ ತಗೋ. ಹೆಚ್ಚು ಕಮ್ಮಿ ಒಂದೇ."

ಅವಳು ಪೆನ್ಸಿಲನ್ನು ಕಿವಿಯ ಹಿಂದಿನಿಂದ ತೆಗೆದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಹೆಚ್ಚು ಕಮ್ಮಿ," ಅಂದಳು.

"ಹೂಂ."

"ಸರಿ. ಕೈ ಎತ್ತು."

ಗೋಡೆಗೆ ಬೆನ್ನು ಹಚ್ಚಿ ನಿಂತು ಕೈ ಎತ್ತಿದೆ. ಹುಟ್ಟಿನ ತುದಿಯ ಮೇಲೆ ಬೆರಳು ಮಡಿಯಬೇಕು, ಅಷ್ಟು ಉದ್ದ. ನಡುವಿನ ಹಿಡಿ ನನ್ನ ಭುಜದಷ್ಟು ಅಗಲ. ಅಲಗಿನ ಅಗಲಕ್ಕೆ ಹೆಬ್ಬೆರಳು ತೋರುಬೆರಳು ಸೇರಿಸಿ ಹಿಡಿದು ತೋರಿಸಿದೆ. ಅವಳು ಸಿಳ್ಳೆ ಹಾಕುತ್ತ ಗುರುತು ಮಾಡಿಕೊಂಡಳು. ಚಿಕ್ಕವರಿದ್ದಾಗ ನಾನು ಅಮ್ಮನಿಗೆ ಸುಳ್ಳು ಹೇಳುವಾಗ ಪಕ್ಕದಲ್ಲಿ ನಿಂತು ಇದೇ ಸಿಳ್ಳೆ ಹಾಕುತ್ತಿದ್ದಳು. ಈಗ ಯಾಕೋ ಗೊತ್ತಾಗಲಿಲ್ಲ.

ಮೇ ೨೭

ಎಸ್ಕಿಲ್‌ನ ಹುಟ್ಟುಹಬ್ಬ. ಬೆಳಿಗ್ಗೆಯಿಂದ ಕಾಫಿಗೆ ಜನವೋ ಜನ. ಬಾಗಿಲಲ್ಲಿ ಬೂಟುಗಳ ಗುಡ್ಡ. ಆರು ಬಗೆಯ ಕೇಕು ಮಾಡಿದ್ದೆ, ತಿಮಿಂಗಿಲದ ತೊಗಲಿನ ತುಂಡುಗಳೂ ಇದ್ದವು. ಒಬ್ಬರು ಎದ್ದರೆ ಇನ್ನೊಬ್ಬರು ಕೂತರು, ಎಲ್ಲರೂ ಅದೇ ಮಾತು.

"ನಿನ್ನಂಥ ಹೆಂಡತಿ ಸಿಗೋಕೆ ಪುಣ್ಯ ಮಾಡಿರಬೇಕು."

"ಇವನು ಎಷ್ಟು ಗೆಲುವಾಗಿದಾನೆ ನೋಡಿ! ಎಲ್ಲಾ ಯೂದಿತಾಳ ಕೈಗುಣ."

ಎಸ್ಕಿಲ್ ಎಲ್ಲರಿಗೂ ಹುಬ್ಬೇರಿಸುತ್ತಿದ್ದ. ಹೌದು, ಹೌದು, ಹೌದು.

ಅವನ ಫೋನು ರಿಂಗಾಯಿತು. ಅವನ ಒಳ್ಳೆಯ ಕೈಯಲ್ಲಿ ಕೇಕಿನ ತಟ್ಟೆ. ನಾನೇ ತೆಗೆದೆ.

"ಹೇಗಿದಾರೆ?" ಎಂದಳು ಟೋವೆ, ಬಹಳ ಮೆಲ್ಲಗೆ.

"ಚೆನ್ನಾಗಿದಾನೆ. ಬನ್ನಿ, ಕಾಫಿ ಇದೆ. ನೀವು ಬಂದ್ರೆ ನಾಳೆ ಬೆಳಿಗ್ಗೆ ಗುಂಡಿ ಹಾಕೋ ಕೆಲಸ ನನಗೆ ತಪ್ಪತ್ತೆ."

ಅವಳು ಇಟ್ಟುಬಿಟ್ಟಳು. ಯಾರ ಫೋನೆಂದು ಎಸ್ಕಿಲ್ ಕೇಳಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಪಾದ್ರಿಯ ಹೆಂಡತಿ ಮಾತ್ರ ಇನ್ನೊಂದು ಕೇಕು ಹಾಕಿಕೊಂಡಳು.

ಎಲ್ಲರೂ ಹೋದ ಮೇಲೆ ತಟ್ಟೆ ತೊಳೆಯುತ್ತಿದ್ದೆ. ಹಿಂದಿನಿಂದ ಅವನು, "ಅದು ಬೇಕಿರಲಿಲ್ಲ," ಅಂದ.

"ಏನು?"

"ಆರು ಕೇಕು."

ಜೂನ್ ೮

ಹುಟ್ಟು ಆಯಿತು. ಎಣ್ಣೆ ಇನ್ನೂ ಹಿಡಿಯಬೇಕು, ಅವನಿಗೆ ಕೊಡುವ ಮೊದಲು ನಾಲ್ಕು ದಿನ ನೀನೇ ನೀರಿನಲ್ಲಿ ಆಡಿಸಿ ಪಳಗಿಸು, ಎಂದು ಬೊಡಿಲಕ್ಕ ಹೇಳಿದಳು. ಹಾಗೆ ಪಳಗಿಸುವ ರೂಢಿ ಇದೆಯೋ ಇಲ್ಲವೋ, ನಾನು ಕೇಳಿರಲಿಲ್ಲ.

ಬೆಳಿಗ್ಗೆಯೇ ಹೊರಟೆ. ಬಂದರು ದಾಟುವವರೆಗೆ ಬೆನ್ನ ಹಿಂದೆ ಯಾರೋ ಕೂಗುತ್ತಾರೆಂದು ಕಾಯುತ್ತ ಹುಟ್ಟು ಹಾಕಿದೆ. ಯಾರೂ ಕೂಗಲಿಲ್ಲ. ಯಾವ ಎಳೆತದಲ್ಲಿ ಕಾಯುವುದನ್ನು ಬಿಟ್ಟೆನೋ ತಿಳಿಯದು. ಹುಟ್ಟು ಅಷ್ಟು ಹಗುರ, ಎರಡೂ ಕೈಗೆ ಸಮಾನ ಕೆಲಸ. ಅಲಗು ನೀರಿಗೆ ಇಳಿಯುವಾಗ ಸದ್ದೇ ಇಲ್ಲ, ಕೊನೆಯಲ್ಲಿ ಬೆರಳಿಂದ ಹಾಲಿನ ಕೆನೆ ತೆಗೆದಂಥ ಒಂದು ಮೆದು ಸದ್ದು. ಕಡಲಬಾತುಗಳ ಹಿಂಡೊಂದು ನಾನು ಹತ್ತಿರ ಹೋದರೂ ಏಳಲಿಲ್ಲ. ಕೊಲ್ಲಿಯ ಬಾಯಲ್ಲಿ ಪಕ್ಕದಿಂದ ಗಾಳಿ ಬಂತು. ಹಿಂದೆಲ್ಲ ಅಂಥ ಗಾಳಿ ಮಲಗಿದ ಅಲಗಿನ ಅಡಿಗೆ ನುಗ್ಗಿ ಹುಟ್ಟನ್ನೇ ಕಿತ್ತುಕೊಳ್ಳಲು ನೋಡುತ್ತಿತ್ತು, ನಾನು ಹಲ್ಲು ಕಚ್ಚಿ ಹಿಡಿಯುತ್ತಿದ್ದೆ. ಇವತ್ತು ಅದು ಬಂತು, ಹೋಯಿತು. ಒಂದು ಕವಿತೆಯ ಸಾಲು ನೆನಪಾಯಿತು, ಅದರ ಮುಂದಿನದು ಬರಲಿಲ್ಲ. ಅದಕ್ಕೂ ಬೇಸರವಾಗಲಿಲ್ಲ.

ಅವನಿಗೆ ಈ ಹುಟ್ಟು ಒಪ್ಪುತ್ತದೆ ಎಂದು ತೋರುತ್ತದೆ. ಅದನ್ನೇ ನೋಡಲು ಹೋದದ್ದು.

ಮನೆಗೆ ಬಂದಾಗ ಮಧ್ಯಾಹ್ನ ಮೀರಿತ್ತು. ಅವನಿಗೆ ಊಟಕ್ಕಿಡುವುದನ್ನು ಮರೆತಿದ್ದೆ. ಅವನು ಕಿಟಕಿಯ ಬಳಿ ಕೂತಿದ್ದ. ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಂಡಿದ್ದ, ಒಂದು ಕಾಜ ತಪ್ಪಿ. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ.

"ನೋಡು," ಅಂದ.

"ಒಂದು ತಪ್ಪಿದೆ," ಎಂದೆ, ಒಲೆ ಹೊತ್ತಿಸಲು ಹೋದೆ.

ಜೂನ್ ೯, ೧೦, ೧೨

ಪಳಗಿಸಿದೆ.

ಜೂನ್ ೧೭

ಇವತ್ತು ಅವನ ದಿನ. ಇಪ್ಪತ್ತೊಂದರ ರಾಷ್ಟ್ರದಿನಕ್ಕೆ ಬಂದರಿನಲ್ಲಿ ಕಯಾಕ್‌ಗಳ ಮೆರವಣಿಗೆ ಇರುತ್ತದೆ. ಅದರಲ್ಲಿ ತಾನೂ ಇರಬೇಕು ಎಂದು ಹಟ. ಅದಕ್ಕೆ ಮೊದಲು ಒಮ್ಮೆ ನೋಡೋಣವೆಂದು ಕಯಾಕ್ ಬಳಗದವರು ಅವನನ್ನು ಎತ್ತಿ ಅವನ ಕಯಾಕಿನಲ್ಲಿ ಕೂರಿಸಿದರು. ಬೊಡಿಲಕ್ಕ ಸೊಂಟದವರೆಗೆ ನೀರಿನಲ್ಲಿ ನಿಂತು ಹಿಡಿದುಕೊಂಡಳು. ಹುಟ್ಟನ್ನು ನಾನು ಕೊಟ್ಟೆ.

ಅವನು ಎಡಗೈಯಲ್ಲಿ ಹಿಡಿದ. ಬಲಗೈಯನ್ನು ನಾನು ಹಿಡಿಯ ಮೇಲೆ ಇಟ್ಟು ಬೆರಳು ಮಡಿಸಿದೆ. ಅವನು ಕೆಳಗೆ ನೋಡಿದ. ಎರಡು ಕೈಗಳು ಎದೆಯ ಮುಂದೆ ಒತ್ತೊತ್ತಾಗಿ, ಮಕ್ಕಳ ಸೈಕಲ್ಲು ಹತ್ತಿದವನ ಹಾಗೆ ಕೂತಿದ್ದ. ಒಂದು ಸಲ ಎಳೆದ. ಅಲಗು ನೀರನ್ನು ಮುಟ್ಟಲು ಮೈಯೆಲ್ಲ ವಾಲಬೇಕಾಯಿತು.

"ಇದು ಗಿಡ್ಡ."

ಹುಟ್ಟನ್ನು ಎದುರಿಗೆ ಅಡ್ಡ ಇಟ್ಟ.

"ಎತ್ತಿ ನನ್ನ. ಎತ್ತಿ."

ದಡದ ಇಳಿಜಾರಿನಲ್ಲಿ ನಿಂತು, ಹುಟ್ಟನ್ನು ನೆಲಕ್ಕೆ ಊರಿ, ಎಡಗೈ ಮೇಲೆತ್ತಿದ. ತುದಿ ಅವನ ಮಣಿಕಟ್ಟಿಗೂ ಬರಲಿಲ್ಲ. ಹುಟ್ಟನ್ನು ನನ್ನ ಕಡೆ ಚಾಚಿದ. ನಾನು ತೆಗೆದುಕೊಳ್ಳಬಾರದಿತ್ತು. ತೆಗೆದುಕೊಂಡೆ. ಊರಿದೆ. ಕೈ ಎತ್ತಿದೆ. ಬೆರಳುಗಳು ತಾವೇ ತುದಿಯ ಮೇಲೆ ಮಡಿದವು.

"ಇದು ನನ್ನದಲ್ಲ," ಅಂದ ಎಸ್ಕಿಲ್. "ಅಳತೆಗೆ ನನ್ನನ್ನ ಯಾಕೆ ಕರ್ಕೊಂಡು ಹೋಗ್ಲಿಲ್ಲ?"

"ಮೆಟ್ಟಿಲು... ನಿನ್ನ ಕೈ ಎತ್ತೋಕಾಗಲ್ಲ ಅಂತ..."

"ಎರಡೂನಾ?"

ಬೊಡಿಲಕ್ಕ ನೀರಿನಿಂದ ಹತ್ತಿ ಬಂದು ಮೂಗು ಒರೆಸಿಕೊಂಡಳು. "ಅಳತೆಗೆ ಒಂದು ಕೈ ಸಾಕು ಕಣೇ, ಯೂದಿತ," ಅಂದಳು. ಬೈಗುಳದ ದನಿಯಲ್ಲ. ಹಾಗಿದ್ದಿದ್ದರೆ ಉತ್ತರ ಕೊಡಬಹುದಿತ್ತು.

ಅಳತೆ ತಪ್ಪಿತು, ಅಷ್ಟೇ. ಯಾರಿಗಾದರೂ ತಪ್ಪಬಹುದು. ಅವನ ಕುತ್ತಿಗೆಯ ಗುಂಡಿಗೆ ನಾನು ತುದಿಗಾಲಲ್ಲಿ ನಿಲ್ಲುವುದು ದಿನದ ಒಂದು ಗಳಿಗೆ ಮಾತ್ರ. ಉಳಿದ ಹೊತ್ತು ಅವನು ಕೂತೇ ಇರುತ್ತಾನೆ. ಕೂತವನ ಎತ್ತರ ಮರೆತುಹೋಗುತ್ತದೆ.

ಜೂನ್ ೨೧

ಬಾವುಟ, ಬ್ಯಾಂಡು, ಸೀಲ್ ಮಾಂಸದ ಸಾರು. ಅವನು ಮಡಚುವ ಕುರ್ಚಿಯಲ್ಲಿ ಕಾಗದದ ಬಾವುಟ ಹಿಡಿದು ಕೂತಿದ್ದ. ಮೆರವಣಿಗೆಗೆ ಒಂದು ಕಯಾಕ್ ಕಮ್ಮಿ ಬೀಳುತ್ತದೆ ಎಂದರು. ನಾನು ಇಳಿದೆ.

ಜುಲೈ ೨

ಸೊಳ್ಳೆ ಶುರುವಾಗಿದೆ. ಬೆಳಿಗ್ಗೆ ಅವನು ತಾನೇ ಗಂಜಿ ಬೇಯಿಸಿದ, ಎಡಗೈಯಲ್ಲಿ ಕಲಕುತ್ತ. ಗುಂಡಿಗಳೆಲ್ಲ ಸರಿಯಾಗಿದ್ದವು. ಯಾವತ್ತಿನಿಂದ ಸರಿಯಾಗಿವೆ ಎಂದು ನಾನು ಗಮನಿಸಿಲ್ಲ.

"ಯೂದಿತ."

"ಹೂಂ."

"ಜನವರಿಯಲ್ಲಿ ಒಂದು ಮಾತು ಹೇಳಿದ್ದೆ. ಮರೆತುಬಿಡು. ನಾನು ಇಲ್ಲೇ ಇರ್ತೀನಿ."

ಕ್ಷಮಿಸಿದವನ ದನಿ. ಚಳಿಗಾಲವಿಡೀ, ವಸಂತವಿಡೀ ನಾನು ಕಾದದ್ದು ಈ ಮಾತಿಗೆ ಎಂದು ಈ ಪುಟಗಳನ್ನು ಓದಿದ ಯಾರಾದರೂ ಹೇಳುತ್ತಾರೆ. ನಾನೇ ಹೇಳುತ್ತಿದ್ದೆ. ಮಾತು ಬಂತು, ಮೇಜಿನ ಮೇಲೆ ಕೂತಿತು, ತಣ್ಣಗಾಯಿತು.

"ಗಂಜಿಗೆ ಬೆಣ್ಣೆ ಹಾಕಲಾ?" ಎಂದು ಅವನೇ ಕೇಳಿದ.

"ಬೇಡ," ಎಂದೆ. "ಕೋಟು ಹಾಕ್ಕೋ. ಬೊಡಿಲಕ್ಕನ ಹತ್ರ ಹೋಗೋಣ."

ಮೆಟ್ಟಿಲು ಇಳಿಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ಅವನು ಕಟಾಂಜನ ಹಿಡಿದು ಒಂದೊಂದಾಗಿ ಇಳಿದ, ನಾನು ಕೆಳಗೆ ನಿಂತಿದ್ದೆ. ಕೆಲಸದ ಮನೆಯಲ್ಲಿ ಬೊಡಿಲಕ್ಕ ಹೊಸ ಮರದ ತುಂಡೊಂದನ್ನು ಗೋಡೆಗೆ ಒರಗಿಸಿದಳು. ಅವನು ಬೆನ್ನು ಹಚ್ಚಿ ನಿಂತು ಎಡಗೈ ಎತ್ತಿದ. ಕೈ ಬಹಳ ಎತ್ತರಕ್ಕೆ ಹೋಯಿತು, ಮಾಡಿನ ತೊಲೆಯವರೆಗೆ. ಅವಳು ಸಿಳ್ಳೆ ಹಾಕಲಿಲ್ಲ. ಗೆರೆ ಎಳೆದಳು.

"ಯಾವಾಗ ಬೇಕು?"

"ಆತುರ ಏನಿಲ್ಲ," ಅಂದ ಎಸ್ಕಿಲ್. "ಮುಂದಿನ ವರ್ಷಕ್ಕಾದ್ರೂ ಆಯ್ತು. ಎಲ್ಲಿಗೆ ಹೋಗ್ತೀನಿ ನಾನು?"

"ಬೇಸಿಗೆ ಮುಗಿಯೋದ್ರೊಳಗೆ," ಎಂದೆ ನಾನು.

ಗರಗಸದ ಪುಡಿ ಕಿಟಕಿಯ ಬೆಳಕಿನಲ್ಲಿ ಇಳಿಯುತ್ತಿತ್ತು. ಎಸ್ಕಿಲ್‌ನ ಕೈ ಇನ್ನೂ ಮೇಲೆಯೇ ಇತ್ತು. ನನ್ನ ಕಡೆ ತಿರುಗಿದ. ಮೂಗು ಸುಕ್ಕಿಸಿದ.

ಅರ್ಧವೇ ಸುಕ್ಕಿತು.